ಗೋಲುಗೆರೆಯಿಂದ ಮುಂದಕ್ಕೆ: ಲೆವ್ ಯಾಶಿನ್ ಅವರ ವೃತ್ತಿಜೀವನ

ಮೊದಲನೆಯವರು: ಫುಟ್‌ಬಾಲ್ ತಂಡದ ಹನ್ನೊಂದು ಮಂದಿಯಲ್ಲಿ ಕೈ ಬಳಸುವ ಅಧಿಕಾರ ಇರುವುದು ಗೋಲ್‌ಕೀಪರ್‌ಗೆ ಮಾತ್ರ. ಅವರು ಕಾಯಬೇಕಾದ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಪೆನಾಲ್ಟಿ ಒದೆಯುವ ಜಾಗ 11 ಮೀಟರ್ ದೂರದಲ್ಲಿದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡು ಅಲ್ಲಿಂದ ಅರ್ಧ ಸೆಕೆಂಡ್ ತುಂಬುವ ಮೊದಲೇ ಗೆರೆ ದಾಟುತ್ತದೆ. ಹಾಗಿದ್ದ ಮೇಲೆ ಚುರುಕಾದ ಪ್ರತಿಕ್ರಿಯೆಯೇ ಈ ವೃತ್ತಿಯ ಬಂಡವಾಳ ಎನ್ನಬೇಕು. ಆದರೆ ವಯಸ್ಸಾದಂತೆ ಆ ಚುರುಕು ತಗ್ಗುತ್ತದೆ, ಗೋಲ್‌ಕೀಪರ್‌ಗಳು ಮಾತ್ರ ನಲವತ್ತರವರೆಗೂ ಆಡುತ್ತಾರೆ. 1982ರಲ್ಲಿ ಇಟಲಿಯ ನಾಯಕರಾಗಿ ವಿಶ್ವಕಪ್ ಎತ್ತಿದಾಗ ಡೀನೋ ಝಾಫ್ ಅವರಿಗೆ 40 ವರ್ಷ. 2018ರ ವಿಶ್ವಕಪ್‌ನಲ್ಲಿ ಪೆನಾಲ್ಟಿ ತಡೆದ ಈಜಿಪ್ಟಿನ ಎಸ್ಸಾಂ ಎಲ್ ಹದರಿ ಅವರಿಗೆ 45.

ಎರಡನೆಯವರು: ನೀವು ಕೊಟ್ಟ ಉದಾಹರಣೆಗಳಲ್ಲೇ ಉತ್ತರವಿದೆ. ಬಂಡವಾಳ ಬರೀ ಪ್ರತಿಕ್ರಿಯೆಯಾಗಿದ್ದರೆ ಅದು ಮೂವತ್ತಕ್ಕೆಲ್ಲ ಕರಗಿಹೋಗಬೇಕಿತ್ತು. ವರ್ಷ ಕಳೆದಂತೆ ಗೋಲ್‌ಕೀಪರ್‌ಗೆ ಕೂಡಿಬರುವುದು ಅಂದಾಜು: ಚೆಂಡು ಎತ್ತ ಬರಲಿದೆ, ಯಾರು ಒದೆಯಲಿದ್ದಾರೆ, ತಮ್ಮ ಡಿಫೆಂಡರ್ ಎಲ್ಲಿ ನಿಂತರೆ ಆ ಒದೆತ ತಪ್ಪುತ್ತದೆ ಎಂಬ ಲೆಕ್ಕ. ಆ ಲೆಕ್ಕ ಸರಿಯಿದ್ದರೆ ಎಷ್ಟೋ ಸಲ ಹಾರುವ ಪ್ರಮೇಯವೇ ಬರುವುದಿಲ್ಲ. ಇದನ್ನು ಕಾಣಲು ಸೋವಿಯತ್ ಒಕ್ಕೂಟದ ಲೆವ್ ಯಾಶಿನ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1950ರಿಂದ 1970ರವರೆಗೆ ಅವರು ಆಡಿದ್ದು ಡೈನಮೊ ಮಾಸ್ಕೋ ಎಂಬ ಒಂದೇ ಕ್ಲಬ್‌ಗೆ. 326 ಲೀಗ್ ಪಂದ್ಯ, ದೇಶದ ಪರ 74 ಪಂದ್ಯ. ತಡವಾದ ಆರಂಭ, ಕಾಯುವ ವರ್ಷಗಳು, ಉಚ್ಛ್ರಾಯ, ಅಪವಾದ, ಮರಳಿ ಬಂದದ್ದು, ನಿಧಾನದ ನಿರ್ಗಮನ ಎಲ್ಲವೂ ಅದರಲ್ಲಿವೆ.

ಮೊದಲನೆಯವರು: ಆರಂಭ ಎಲ್ಲಿಂದ?

ಎರಡನೆಯವರು: ಕಾರ್ಖಾನೆಯಿಂದ. ಯಾಶಿನ್ 1929ರ ಅಕ್ಟೋಬರ್ 22ರಂದು ಮಾಸ್ಕೋದ ಕಾರ್ಮಿಕ ಕುಟುಂಬವೊಂದರಲ್ಲಿ ಹುಟ್ಟಿದರು. 1941ರಲ್ಲಿ ಜರ್ಮನಿ ದಾಳಿ ಮಾಡಿದಾಗ ಕಾರ್ಖಾನೆಗಳ ಜೊತೆಗೆ ಕಾರ್ಮಿಕರ ಕುಟುಂಬಗಳನ್ನೂ ಪೂರ್ವಕ್ಕೆ ಸಾಗಿಸಲಾಯಿತು. ಯಾಶಿನ್ ಕುಟುಂಬವೂ ಹಾಗೆ ಹೋಯಿತು. ಇನ್ನೂ ಹುಡುಗನಾಗಿದ್ದಾಗಲೇ ಅವರು ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ದೊಡ್ಡವರ ಪಾಳಿ, ಕಡಿಮೆ ಆಹಾರ, ಹುಡುಗನಾಗಿದ್ದಾಗಲೇ ಅಂಟಿದ ಸಿಗರೇಟು. ಹದಿನೆಂಟರ ಸುಮಾರಿಗೆ ಮಾನಸಿಕವಾಗಿ ಕುಸಿದು ಕಾರ್ಖಾನೆ ಬಿಟ್ಟರು, ಸೇನಾ ಸೇವೆಗೆ ಹೋದರು. ಅಲ್ಲಿನ ತಂಡದಲ್ಲಿ ಆಡುತ್ತಿದ್ದಾಗ ಡೈನಮೊದ ತರಬೇತುದಾರ ಅರ್ಕಾಡಿ ಚೆರ್ನಿಶೋವ್ ಕಣ್ಣಿಗೆ ಬಿದ್ದು, 1949ರಲ್ಲಿ ಕ್ಲಬ್‌ನ ಯುವ ತಂಡ ಸೇರಿದರು.

ಮೊದಲನೆಯವರು: ಇವತ್ತಿನ ದೊಡ್ಡ ಕ್ಲಬ್‌ಗಳು ಎಂಟು ಹತ್ತು ವರ್ಷದ ಮಕ್ಕಳನ್ನೇ ಅಕಾಡೆಮಿಗೆ ಸೇರಿಸಿಕೊಳ್ಳುತ್ತವೆ. ಇಪ್ಪತ್ತರ ಹೊಸ್ತಿಲಲ್ಲಿ ಶುರುಮಾಡುವುದು ತೀರಾ ತಡವಾಗಲಿಲ್ಲವೆ?

ಎರಡನೆಯವರು: ಗೋಲ್‌ಕೀಪರ್‌ಗೆ ತಡವೇನೂ ಅಲ್ಲ. ಆದರೆ ಶುರುಮಾಡಿದ ಮೇಲೂ ಕಾಯಬೇಕು. ಹೊರಗೆ ಆಡುವವರಿಗೆ ಹತ್ತು ಜಾಗ. ಬಲಬದಿಯಲ್ಲಿ ಸಿಗದಿದ್ದರೆ ಎಡಬದಿಯಲ್ಲಿ, ಹಿಂದೆ ಸಿಗದಿದ್ದರೆ ನಡುವೆ. ಗೋಲ್‌ಕೀಪರ್‌ಗೆ ಇರುವುದು ಒಂದೇ ಜಾಗ. ಅಲ್ಲಿರುವವರು ಗಾಯಗೊಳ್ಳುವವರೆಗೆ, ಇಲ್ಲವೆ ತಪ್ಪುಮಾಡುವವರೆಗೆ ಎರಡನೆಯವರಿಗೆ ಆಟವಿಲ್ಲ. ಡೈನಮೊದಲ್ಲಿ ಆ ಜಾಗದಲ್ಲಿದ್ದವರು ಅಲೆಕ್ಸಿ ಖೋಮಿಚ್. 1945ರ ಬ್ರಿಟನ್ ಪ್ರವಾಸದಲ್ಲಿ ‘ಹುಲಿ’ ಎಂದು ಹೆಸರು ಪಡೆದು ಬಂದವರು. 1950ರ ಒಂದು ಅಭ್ಯಾಸ ಪಂದ್ಯದಲ್ಲಿ ಯಾಶಿನ್‌ಗೆ ಅವಕಾಶ ಸಿಕ್ಕಿತು. ಎದುರಾಳಿ ಗೋಲ್‌ಕೀಪರ್ ತಮ್ಮ ತುದಿಯಿಂದ ಒದ್ದ ಚೆಂಡನ್ನು ಹಿಡಿಯಲು ಮುಂದೆ ಓಡಿದ ಯಾಶಿನ್ ತಮ್ಮದೇ ಡಿಫೆಂಡರ್‌ಗೆ ಡಿಕ್ಕಿ ಹೊಡೆದರು, ಚೆಂಡು ಪುಟಿಯುತ್ತ ಗೋಲಿನೊಳಗೆ ಹೋಯಿತು. ಅದೇ ವರ್ಷ ಖೋಮಿಚ್ ಗಾಯಗೊಂಡಾಗ ಲೀಗ್‌ನಲ್ಲೂ ಆಡಿದರು, ಅಲ್ಲೂ ಎಡವಿದರು. ಆಮೇಲೆ 1953ರವರೆಗೆ ಮೀಸಲು ತಂಡವೇ ಗತಿ.

ಮೊದಲನೆಯವರು: ಮೂರು ವರ್ಷ ಮೀಸಲಿನಲ್ಲಿ ಕುಳಿತವರು ಆಟದ ಹದ ಉಳಿಸಿಕೊಂಡದ್ದು ಹೇಗೆ?

ಎರಡನೆಯವರು: ಐಸ್ ಹಾಕಿಯಿಂದ. ಡೈನಮೊ ಬಹುಕ್ರೀಡಾ ಸಂಸ್ಥೆ. ಚೆರ್ನಿಶೋವ್ ಐಸ್ ಹಾಕಿಯನ್ನೂ ಕಲಿಸುತ್ತಿದ್ದರು, ಮುಂದೆ ಹೆಚ್ಚು ಹೆಸರು ಮಾಡಿದ್ದೂ ಆ ಆಟದಲ್ಲೇ. ಯಾಶಿನ್ ಚಳಿಗಾಲದಲ್ಲಿ ಐಸ್ ಹಾಕಿ ತಂಡದ ಗೋಲಿ ಆದರು. ಅಲ್ಲಿನ ಗೋಲು ಚಿಕ್ಕದು, ರಬ್ಬರಿನ ಬಿಲ್ಲೆಯಂಥ ಪಕ್ ಫುಟ್‌ಬಾಲ್‌ಗಿಂತ ಎಷ್ಟೋ ವೇಗವಾಗಿ ಬರುತ್ತದೆ. ನೋಡಿ ತಡೆಯುತ್ತೇನೆಂದರೆ ಆಗುವುದಿಲ್ಲ. ಎದುರಾಳಿಯ ಕೋಲು ತಿರುಗುವ ಮೊದಲೇ ಸರಿಯಾದ ಕೋನದಲ್ಲಿ ನಿಂತಿರಬೇಕು. 1953ರಲ್ಲಿ ಡೈನಮೊ ಸೋವಿಯತ್ ಐಸ್ ಹಾಕಿ ಕಪ್ ಗೆದ್ದಾಗ ಗೋಲಿನಲ್ಲಿದ್ದವರು ಯಾಶಿನ್. ಅದೇ ವರ್ಷ ಡೈನಮೊ ಫುಟ್‌ಬಾಲ್ ಕಪ್ ಕೂಡ ಗೆದ್ದಿತು. ಅಷ್ಟರಲ್ಲಿ ಖೋಮಿಚ್ ಕ್ಲಬ್ ಬಿಟ್ಟಿದ್ದರು, ಮೊದಲ ತಂಡದ ಜಾಗ ಯಾಶಿನ್‌ಗೆ ಬಂತು. ಆಮೇಲೆ ಅವರು ಫುಟ್‌ಬಾಲನ್ನೇ ಆರಿಸಿಕೊಂಡರು. 1954ರ ಸೆಪ್ಟೆಂಬರ್ 8ರಂದು ಮಾಸ್ಕೋದಲ್ಲಿ ಸ್ವೀಡನ್ ವಿರುದ್ಧ ದೇಶದ ಪರ ಮೊದಲ ಪಂದ್ಯ. ಸೋವಿಯತ್ ತಂಡ 7–0ಯಿಂದ ಗೆದ್ದಿತು.

ಮೊದಲನೆಯವರು: ಒಂದು ತಕರಾರಿದೆ. ಸೋವಿಯತ್ ಒಕ್ಕೂಟದಲ್ಲಿ ವೃತ್ತಿಪರ ಕ್ರೀಡೆ ಎಂಬುದೇ ಇರಲಿಲ್ಲ. ಹಾಗಿರುವಾಗ ಇದನ್ನು ವೃತ್ತಿಪರ ಗೋಲ್‌ಕೀಪರ್‌ನ ಬದುಕು ಎನ್ನಬಹುದೆ?

ಎರಡನೆಯವರು: ಕಾಗದದ ಮೇಲೆ ಇರಲಿಲ್ಲ, ಕೆಲಸದಲ್ಲಿ ಇತ್ತು. 1923ರಲ್ಲಿ ಹುಟ್ಟಿದ ಡೈನಮೊ ಸಂಸ್ಥೆ ಪೊಲೀಸ್ ಮತ್ತು ಭದ್ರತಾ ಇಲಾಖೆಗಳಿಗೆ ಸೇರಿದ್ದು. ಆಟಗಾರರಿಗೆ ಇಲಾಖೆಯಲ್ಲಿ ಹುದ್ದೆ, ಸಂಬಳ, ಮನೆ. ನಿತ್ಯದ ಕೆಲಸ ಫುಟ್‌ಬಾಲ್. ಪಶ್ಚಿಮ ಯೂರೋಪಿನವರ ಹಾಗೆ ಕ್ಲಬ್‌ನಿಂದ ಕ್ಲಬ್‌ಗೆ ಮಾರಾಟವಾಗುವ ದಾರಿ ಇರಲಿಲ್ಲ, ವಿದೇಶಕ್ಕೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಯಾಶಿನ್ ಒಂದೇ ಕ್ಲಬ್‌ನಲ್ಲಿ ಉಳಿದದ್ದಕ್ಕೆ ನಿಷ್ಠೆಯಷ್ಟೇ ಈ ವ್ಯವಸ್ಥೆಯೂ ಕಾರಣ. ಇದೇ ವ್ಯವಸ್ಥೆಯಿಂದ ಇನ್ನೊಂದು ಅನುಕೂಲವಾಯಿತು. ಹವ್ಯಾಸಿಗಳೆಂಬ ಲೆಕ್ಕದಲ್ಲಿ ಸೋವಿಯತ್ ಆಟಗಾರರು ಒಲಿಂಪಿಕ್ಸ್‌ನಲ್ಲಿ ಆಡಬಹುದಿತ್ತು. 1956ರ ಡಿಸೆಂಬರ್ 8ರಂದು ಮೆಲ್ಬರ್ನ್‌ನಲ್ಲಿ ಯುಗೊಸ್ಲಾವಿಯವನ್ನು 1–0ಯಿಂದ ಸೋಲಿಸಿ ಅವರು ಚಿನ್ನ ಗೆದ್ದರು. ಸೆಮಿಫೈನಲ್‌ನಲ್ಲಿ ಆ ಯುಗೊಸ್ಲಾವಿಯಕ್ಕೆ 4–1ರಿಂದ ಸೋತದ್ದು ಭಾರತ. ಮೈಸೂರು ರಾಜ್ಯದ ಕೆಂಪಯ್ಯ ಇದ್ದ ಆ ಭಾರತ ತಂಡ ನಾಲ್ಕನೆಯ ಸ್ಥಾನ ಪಡೆಯಿತು.

ಮೊದಲನೆಯವರು: ಯಾಶಿನ್ ಆಟದಲ್ಲಿ ಹೊಸದೇನಿತ್ತು? ಚೆಂಡನ್ನು ತಡೆಯುವುದು ಎಲ್ಲರ ಕೆಲಸವೂ ಹೌದಲ್ಲ?

ಎರಡನೆಯವರು: ಆಗಿನ ಬಹುಪಾಲು ಗೋಲ್‌ಕೀಪರ್‌ಗಳು ಗೋಲುಗೆರೆ ಬಿಟ್ಟು ಕದಲುತ್ತಿರಲಿಲ್ಲ. ಗೋಲಿನ ಮುಂದೆ 16.5 ಮೀಟರ್‌ವರೆಗೆ ಚಾಚಿದ ಪೆನಾಲ್ಟಿ ಆವರಣದಲ್ಲಿ ಕೈ ಬಳಸಬಹುದಾದರೂ ಅದನ್ನು ಡಿಫೆಂಡರ್‌ಗಳಿಗೇ ಬಿಟ್ಟುಕೊಟ್ಟಿದ್ದರು. ಯಾಶಿನ್ ಆ ಆವರಣವನ್ನೆಲ್ಲ ತಮ್ಮದು ಮಾಡಿಕೊಂಡರು. ಬದಿಯಿಂದ ಎತ್ತರದ ಕ್ರಾಸ್ ಬಂದರೆ ಮುಂದೆ ಬಂದು ಎದುರಾಳಿಗಳ ತಲೆಯ ಮೇಲಿಂದಲೇ ಚೆಂಡನ್ನು ತೆಗೆಯುತ್ತಿದ್ದರು. ಡಿಫೆಂಡರ್‌ಗಳ ಹಿಂದೆ ಚೆಂಡು ಬಿದ್ದರೆ ಆವರಣದ ಆಚೆಗೂ ಓಡಿ ಕಾಲಿನಿಂದ ಒದ್ದು ದೂರ ಮಾಡುತ್ತಿದ್ದರು. ಒಬ್ಬನೇ ಮುನ್ನುಗ್ಗಿ ಬರುವ ಫಾರ್ವರ್ಡ್ ಎದುರಾದರೆ ಅವನತ್ತಲೇ ನಡೆಯುತ್ತಿದ್ದರು. ದೀಪದ ಹತ್ತಿರ ಕೈ ಹಿಡಿದಷ್ಟೂ ಗೋಡೆಯ ಮೇಲೆ ನೆರಳು ದೊಡ್ಡದಾಗುವುದಲ್ಲ, ಹಾಗೆ ಗೋಲ್‌ಕೀಪರ್ ಒದೆಯುವವನಿಗೆ ಹತ್ತಿರವಾದಷ್ಟೂ ಗೋಲಿನ ಹೆಚ್ಚು ಭಾಗ ಮುಚ್ಚಿಹೋಗುತ್ತದೆ.

ಮೊದಲನೆಯವರು: ಹಾಗೆ ಮುಂದೆ ಬಂದವರು ಇವರೊಬ್ಬರೇ ಅಲ್ಲ. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದ ಹಂಗೆರಿ ತಂಡದ ಗ್ಯೂಲಾ ಗ್ರೋಶಿಚ್ ಕೂಡ ಆವರಣದಿಂದ ಹೊರಗೆ ಬರುತ್ತಿದ್ದರು. ಅರ್ಜೆಂಟೀನಾದ ಅಮಡಿಯೊ ಕರಿಸೊ ಸಹ.

ಎರಡನೆಯವರು: ನಿಜ, ಈ ಬದಲಾವಣೆ ಒಬ್ಬರ ಸೃಷ್ಟಿಯಲ್ಲ. ಆದರೆ ಅದನ್ನು ಇಪ್ಪತ್ತು ವರ್ಷ, ವಿಶ್ವಕಪ್‌ಗಳ ಎದುರಿನಲ್ಲಿ ನಡೆಸಿ ತೋರಿಸಿದವರು ಯಾಶಿನ್. ಅವರ ಇನ್ನೆರಡು ಅಭ್ಯಾಸಗಳೂ ಗಮನಾರ್ಹ. ಹಿಡಿಯುವುದು ಕಷ್ಟವೆನಿಸಿದ ಚೆಂಡನ್ನು ಮುಷ್ಟಿಯಿಂದ ಗುದ್ದಿ ಕಳಿಸುತ್ತಿದ್ದರು. ಚೆಂಡು ಹಿಡಿದ ಗೋಲ್‌ಕೀಪರ್‌ನ ಮೈಮೇಲೆ ಭುಜ ಕೊಟ್ಟು ನುಗ್ಗಲು ಆಗಿನ ನಿಯಮದಲ್ಲಿ ಅವಕಾಶವಿತ್ತು. 1958ರ ಇಂಗ್ಲಿಷ್ ಎಫ್‌.ಎ. ಕಪ್ ಫೈನಲ್‌ನಲ್ಲಿ ನ್ಯಾಟ್ ಲಾಫ್ಟ್‌ಹೌಸ್ ಹೀಗೆಯೇ ನುಗ್ಗಿ ಹ್ಯಾರಿ ಗ್ರೆಗ್ ಅವರನ್ನು ಚೆಂಡಿನ ಸಮೇತ ಗೆರೆಯೊಳಗೆ ತಳ್ಳಿದರು, ರೆಫರಿ ಗೋಲು ಕೊಟ್ಟರು. ಅಂಥ ಕಾಲದಲ್ಲಿ ಗುದ್ದುವುದೇ ಹೆಚ್ಚು ಕ್ಷೇಮ. ಎರಡನೆಯದು, ಚೆಂಡು ಕೈಗೆ ಸಿಕ್ಕೊಡನೆ ಮೇಲಕ್ಕೆ ಒದೆಯದೆ, ಬಿಡುವಾಗಿ ನಿಂತ ಜೊತೆಗಾರನಿಗೆ ಎಸೆಯುವುದು. ಮೇಲಕ್ಕೆ ಒದ್ದ ಚೆಂಡಿಗೆ ಎರಡೂ ತಂಡ ಹೊಡೆದಾಡುತ್ತವೆ. ಎಸೆದ ಚೆಂಡು ನಮ್ಮವರಲ್ಲೇ ಉಳಿಯುತ್ತದೆ, ದಾಳಿ ಅಲ್ಲಿಂದಲೇ ಶುರುವಾಗುತ್ತದೆ. ಇವುಗಳ ಜೊತೆಗೆ ಪಂದ್ಯದುದ್ದಕ್ಕೂ ಡಿಫೆಂಡರ್‌ಗಳಿಗೆ ಕೂಗಿ ಹೇಳುವುದು. ಮೈದಾನವಿಡೀ ಎದುರಿಗೆ ಕಾಣುವುದು ಗೋಲ್‌ಕೀಪರ್ ಒಬ್ಬರಿಗೇ. ಕಂಡದ್ದನ್ನು ಹೇಳದಿದ್ದರೆ ಕಂಡು ಫಲವಿಲ್ಲ.

ಮೊದಲನೆಯವರು: ಹೊರಜಗತ್ತಿಗೆ ಅವರು ಪರಿಚಯವಾದದ್ದು ಯಾವಾಗ?

ಎರಡನೆಯವರು: 1958ರಲ್ಲಿ ಸ್ವೀಡನ್‌ನಲ್ಲಿ. ಸೋವಿಯತ್ ತಂಡಕ್ಕೆ ಅದು ಮೊದಲ ವಿಶ್ವಕಪ್. ಇಂಗ್ಲೆಂಡ್ ಜೊತೆ 2–2 ಸಮ. ಆಸ್ಟ್ರಿಯ ವಿರುದ್ಧ 2–0 ಗೆಲುವು, ಅದರಲ್ಲಿ ಯಾಶಿನ್ ಪೆನಾಲ್ಟಿಯೊಂದನ್ನು ತಡೆದರು. ಬ್ರೆಜಿಲ್ ವಿರುದ್ಧ 0–2 ಸೋಲು. ಪೆಲೆ ಮತ್ತು ಗರಿಂಚಾ ಇಬ್ಬರೂ ಮೊದಲ ಬಾರಿ ವಿಶ್ವಕಪ್‌ನಲ್ಲಿ ಕಾಲಿಟ್ಟ ಪಂದ್ಯ ಅದು. ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಸ್ವೀಡನ್‌ಗೆ ಸೋತರು. ಎರಡು ವರ್ಷದ ಮೇಲೆ, 1960ರ ಜುಲೈ 10ರಂದು, ಪ್ಯಾರಿಸ್‌ನಲ್ಲಿ ಮೊತ್ತಮೊದಲ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಫೈನಲ್. ಎದುರಾಳಿ ಮತ್ತೆ ಯುಗೊಸ್ಲಾವಿಯ. ಹೆಚ್ಚುವರಿ ಅವಧಿಯಲ್ಲಿ ವಿಕ್ಟರ್ ಪೊನೆಡೆಲ್ನಿಕ್ ಹೊಡೆದ ಗೋಲಿನಿಂದ ಸೋವಿಯತ್ ತಂಡ 2–1ರಿಂದ ಗೆದ್ದಿತು. ಕಪ್ಪೆಂದೇ ಕಾಣುವ ಗಾಢ ಬಣ್ಣದ ಉಡುಪು ತೊಡುತ್ತಿದ್ದ, ನೀಳ ತೋಳುಗಳ ಯಾಶಿನ್‌ಗೆ ಅಭಿಮಾನಿಗಳಿಂದ ‘ಕಪ್ಪು ಜೇಡ’ ಎಂಬ ಅಡ್ಡಹೆಸರು ಬಂದಿತ್ತು.

ಮೊದಲನೆಯವರು: ಇಷ್ಟೆಲ್ಲ ಗೆದ್ದವರ ಮೇಲೆ ಅಪವಾದ ಬಂದದ್ದು ಎಲ್ಲಿ?

ಎರಡನೆಯವರು: 1962ರಲ್ಲಿ ಚಿಲಿಯ ಆರಿಕಾ ನಗರದಲ್ಲಿ. ಜೂನ್ 3ರಂದು ಕೊಲಂಬಿಯ ವಿರುದ್ಧ ಸೋವಿಯತ್ ತಂಡ 4–1ರಿಂದ ಮುಂದಿತ್ತು. ಆಮೇಲೆ ಮಾರ್ಕೋಸ್ ಕೋಲ್ ಒದ್ದ ಕಾರ್ನರ್ ಕಿಕ್ ಯಾರನ್ನೂ ಮುಟ್ಟದೆ ನೇರ ಗೋಲಿನೊಳಗೆ ಹೋಯಿತು. ವಿಶ್ವಕಪ್ ಇತಿಹಾಸದಲ್ಲಿ ಕಾರ್ನರ್‌ನಿಂದ ನೇರವಾಗಿ ಬಂದ ಏಕೈಕ ಗೋಲು ಅದು. ಪಂದ್ಯ 4–4ರಲ್ಲಿ ಮುಗಿಯಿತು. ವಾರದ ನಂತರ ಕ್ವಾರ್ಟರ್ ಫೈನಲ್‌ನಲ್ಲಿ ಚಿಲಿ 2–1ರಿಂದ ಗೆದ್ದಿತು. ಲಿಯೊನೆಲ್ ಸ್ಯಾಂಚೆಸ್ ಅವರ ಫ್ರೀ ಕಿಕ್, ಎಲಾಡಿಯೊ ರೋಹಾಸ್ ಅವರ ದೂರದ ಒದೆತ, ಎರಡೂ ಯಾಶಿನ್ ಅವರನ್ನು ದಾಟಿ ಹೋದವು. ತವರಿನಲ್ಲಿ ಪಂದ್ಯದ ನೇರ ಪ್ರಸಾರವಿರಲಿಲ್ಲ. ಓದುಗರಿಗೆ ಸಿಕ್ಕಿದ್ದು ವರದಿಗಾರರು ಬರೆದದ್ದಷ್ಟೇ, ಅವರು ಸೋಲಿನ ಹೊಣೆಯನ್ನು ಗೋಲ್‌ಕೀಪರ್ ಮೇಲೆ ಹೊರಿಸಿದರು.

ಮೊದಲನೆಯವರು: ಹೊರಿಸಿದ್ದು ಪೂರಾ ಅನ್ಯಾಯವೆ? ಕಾರ್ನರ್ ಕಿಕ್ ನೇರ ಒಳಗೆ ಹೋದರೆ ಬೇರೆ ಯಾರನ್ನು ಕೇಳುವುದು?

ಎರಡನೆಯವರು: ಗೋಲಿನ ಹತ್ತಿರದ ಕಂಬವನ್ನು ಕಾಯಬೇಕಾದವರು ಡಿಫೆಂಡರ್, ಆ ಚೆಂಡು ಹೋದದ್ದು ಆ ಮೂಲೆಯಿಂದಲೇ. ಆದರೂ ತಪ್ಪು ಆಗಿದ್ದಿರಲಿ ಎಂದೇ ಇಟ್ಟುಕೊಳ್ಳೋಣ. ಗಮನಿಸಬೇಕಾದದ್ದು ತಪ್ಪಿನ ಬೆಲೆ. ಫಾರ್ವರ್ಡ್ ಐದು ಅವಕಾಶ ಕಳೆದುಕೊಂಡು ಆರನೆಯದನ್ನು ಗೋಲು ಮಾಡಿದರೆ ಆತ ನಾಯಕ. ಗೋಲ್‌ಕೀಪರ್ ಐದು ತಡೆದು ಆರನೆಯದನ್ನು ಬಿಟ್ಟರೆ ಫಲಕದ ಮೇಲೆ ಉಳಿಯುವುದು ಆರನೆಯದೇ. 1950ರ ವಿಶ್ವಕಪ್‌ನ ಕೊನೆಯ ಪಂದ್ಯದಲ್ಲಿ ಉರುಗ್ವೆಯ ಘಿಗ್ಗಿಯಾ ಹೊಡೆದ ಗೋಲಿಗಾಗಿ ಬ್ರೆಜಿಲ್ ಜನ ತಮ್ಮ ಗೋಲ್‌ಕೀಪರ್ ಬಾರ್ಬೋಸಾ ಅವರನ್ನು ಬದುಕಿನುದ್ದಕ್ಕೂ ದೂರಿದರು. ಯಾಶಿನ್‌ಗೂ ಮಾಸ್ಕೋದ ಮೈದಾನಗಳಲ್ಲಿ ಶಿಳ್ಳೆ, ಕೂಗಾಟ ಎದುರಾದವು. ಮನೆಯ ಕಿಟಕಿ ಗಾಜು ಒಡೆದವು. ಆಗ ಅವರಿಗೆ 32 ವರ್ಷ. ಆಟ ಬಿಡುವ ಯೋಚನೆ ಬಂತು. ಕೆಲಕಾಲ ತಂಡದಿಂದ ದೂರ ಉಳಿದು ಮೀನು ಹಿಡಿಯುತ್ತ ಕಾಲ ಕಳೆದರು. ಆಮೇಲೆ ನಿಧಾನವಾಗಿ ಡೈನಮೊದ ಗೋಲಿಗೆ ಮರಳಿದರು.

ಮೊದಲನೆಯವರು: ಮುಂದಿನ ವರ್ಷವೇ ಅವರು ಯೂರೋಪಿನ ಶ್ರೇಷ್ಠ ಆಟಗಾರ ಎನಿಸಿದರು. ಒಂದೇ ವರ್ಷದಲ್ಲಿ ಅಷ್ಟು ದೊಡ್ಡ ತಿರುವು ಹೇಗೆ ಸಾಧ್ಯವಾಯಿತು?

ಎರಡನೆಯವರು: ಆಟ ಬದಲಾಗಲಿಲ್ಲ, ನೋಡುವವರು ಬದಲಾದರು. 1963ರ ಲೀಗ್‌ನಲ್ಲಿ ಯಾಶಿನ್ 27 ಪಂದ್ಯ ಆಡಿ ಬಿಟ್ಟುಕೊಟ್ಟದ್ದು ಆರು ಗೋಲು. ಡೈನಮೊ ಚಾಂಪಿಯನ್ ಆಯಿತು. 1954, 1955, 1957 ಮತ್ತು 1959ರ ನಂತರ ಯಾಶಿನ್‌ಗೆ ಅದು ಐದನೆಯ ಲೀಗ್ ಪ್ರಶಸ್ತಿ. ಅಕ್ಟೋಬರ್ 23ರಂದು ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆಯ ಶತಮಾನೋತ್ಸವಕ್ಕೆ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ವಿಶ್ವ ತಂಡದ ನಡುವೆ ಪಂದ್ಯ ನಡೆಯಿತು. ಮೊದಲಾರ್ಧ ವಿಶ್ವ ತಂಡದ ಗೋಲು ಕಾಯ್ದ ಯಾಶಿನ್ ಒಂದನ್ನೂ ಬಿಡಲಿಲ್ಲ. ದ್ವಿತೀಯಾರ್ಧದಲ್ಲಿ ಬೇರೆಯವರು ಬಂದರು, ಇಂಗ್ಲೆಂಡ್ 2–1ರಿಂದ ಗೆದ್ದಿತು. ನವೆಂಬರ್ 10ರಂದು ರೋಮ್‌ನಲ್ಲಿ ಇಟಲಿಯ ಸ್ಯಾಂಡ್ರೊ ಮಜ್ಜೋಲಾ ಒದ್ದ ಪೆನಾಲ್ಟಿಯನ್ನು ತಡೆದರು. ಆ ವರ್ಷದ ಬ್ಯಾಲನ್ ಡಿ’ಓರ್ ಪ್ರಶಸ್ತಿಗೆ ಪತ್ರಕರ್ತರು ಮತ ಹಾಕಿದಾಗ ಜಾನಿ ರಿವೇರಾ, ಜಿಮ್ಮಿ ಗ್ರೀವ್ಸ್ ಇಬ್ಬರೂ ಅವರ ಹಿಂದೆ ಉಳಿದರು.

ಮೊದಲನೆಯವರು: 27 ಪಂದ್ಯಕ್ಕೆ ಆರು ಗೋಲು ಎಂಬುದರಲ್ಲಿ ಡೈನಮೊ ಡಿಫೆಂಡರ್‌ಗಳ ಪಾಲೆಷ್ಟು, ಯಾಶಿನ್ ಪಾಲೆಷ್ಟು? ಗಟ್ಟಿ ರಕ್ಷಣಾ ಸಾಲಿನ ಹಿಂದೆ ಯಾರು ನಿಂತರೂ ಲೆಕ್ಕ ಚೆನ್ನಾಗಿ ಕಾಣುತ್ತದೆ.

ಎರಡನೆಯವರು: ಬೇರ್ಪಡಿಸುವುದು ಕಷ್ಟ, ಗೋಲ್‌ಕೀಪರ್‌ನನ್ನು ಅಂಕಿಗಳಿಂದ ಅಳೆಯುವ ತೊಡಕೇ ಅದು. ಆದರೆ ಪ್ರಶ್ನೆಯನ್ನು ತಿರುಗಿಸಿ ನೋಡಿ. ಡಿಫೆಂಡರ್‌ಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು, ಕ್ರಾಸ್ ತಮ್ಮದೋ ಅವರದೋ ಎಂದು ಕೂಗಿ ಹೇಳುವುದು, ಒದೆತ ಹುಟ್ಟುವ ಮೊದಲೇ ಚೆಂಡನ್ನು ತೆಗೆಯುವುದು ಇವೆಲ್ಲ ಗೋಲ್‌ಕೀಪರ್‌ನ ಕೆಲಸವಾದ ಮೇಲೆ, ರಕ್ಷಣಾ ಸಾಲು ಗಟ್ಟಿಯಾಗಿದ್ದದ್ದರಲ್ಲೂ ಅವರ ಪಾಲಿದೆ. ಎಷ್ಟು ಒದೆತ ತಡೆದರು ಎಂಬುದು ಪಟ್ಟಿಯಲ್ಲಿ ಬರುತ್ತದೆ, ಎಷ್ಟು ಒದೆತ ಆಗದಂತೆ ಮಾಡಿದರು ಎಂಬುದು ಬರುವುದಿಲ್ಲ.

ಮೊದಲನೆಯವರು: ಮೂವತ್ತೈದು ದಾಟಿದ ಮೇಲಿನ ವರ್ಷಗಳು?

ಎರಡನೆಯವರು: 1964ರಲ್ಲಿ, ಮೂವತ್ತನಾಲ್ಕರಲ್ಲಿ, ಮತ್ತೆ ಯೂರೋಪಿಯನ್ ಫೈನಲ್, ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಎದುರು 1–2 ಸೋಲು. 1966ರ ವಿಶ್ವಕಪ್‌ನಲ್ಲಿ ಸೋವಿಯತ್ ತಂಡ ಮೊದಲ ಬಾರಿ ಸೆಮಿಫೈನಲ್ ತಲುಪಿತು. ಕ್ವಾರ್ಟರ್ ಫೈನಲ್‌ನಲ್ಲಿ ಹಂಗೆರಿಯನ್ನು 2–1ರಿಂದ ಸೋಲಿಸಿ, ಪಶ್ಚಿಮ ಜರ್ಮನಿಗೆ 1–2ರಿಂದ ಸೋತರು. ಮೂರನೆಯ ಸ್ಥಾನದ ಪಂದ್ಯದಲ್ಲಿ ಪೋರ್ಚುಗಲ್ ಗೆದ್ದಿತು. ಆ ಪಂದ್ಯಾವಳಿಯ ಹೊತ್ತಿಗೆ ಯಾಶಿನ್‌ಗೆ 36, ಆಗಲೇ ಕೆಲವು ಪಂದ್ಯಗಳಲ್ಲಿ ಅವರಿಗೆ ಬಿಡುವು ಕೊಡಲಾಗುತ್ತಿತ್ತು. 1967ರಲ್ಲಿ ದೇಶದ ಪರ ಕೊನೆಯ ಪಂದ್ಯ. 1970ರಲ್ಲಿ ಮೆಕ್ಸಿಕೊಗೆ ಹೋದ ತಂಡದಲ್ಲೂ ಹೆಸರಿತ್ತು, ಆದರೆ ಆಡಲಿಲ್ಲ. ಕಿರಿಯರಿಗೆ ಬೆನ್ನೆಲುಬಾಗಿ ನಿಲ್ಲುವುದೇ ಅವರ ಪಾತ್ರ. ಮೂರು ವರ್ಷ ಖೋಮಿಚ್ ಹಿಂದೆ ಕಾದವರು ಕೊನೆಗೆ ಮತ್ತೆ ಮೀಸಲಿಗೇ ಬಂದರು, ಈ ಬಾರಿ ಕಲಿಸುವವರಾಗಿ. ಕ್ಲಬ್‌ಗೆ ಮಾತ್ರ ಆ ವರ್ಷವೂ ಆಡಿ, 1967ರದರ ಜೊತೆಗೆ ಇನ್ನೊಂದು ಸೋವಿಯತ್ ಕಪ್ ಗೆದ್ದರು.

ಮೊದಲನೆಯವರು: ವಿದಾಯ?

ಎರಡನೆಯವರು: 1971ರ ಮೇ 27ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ, ಲಕ್ಷ ಜನರ ಎದುರು. ಒಂದು ಕಡೆ ಬೇರೆ ಬೇರೆ ನಗರಗಳ ಡೈನಮೊ ಕ್ಲಬ್‌ಗಳಿಂದ ಆರಿಸಿದ ತಂಡ. ಇನ್ನೊಂದು ಕಡೆ ಬಾಬಿ ಚಾರ್ಲ್‌ಟನ್, ಯುಸೇಬಿಯೊ, ಗೆರ್ಡ್ ಮುಲ್ಲರ್ ಮುಂತಾದವರಿದ್ದ ವಿಶ್ವ ತಂಡ. ಪಂದ್ಯ 2–2ರಲ್ಲಿ ಸಮವಾಯಿತು. ದ್ವಿತೀಯಾರ್ಧದಲ್ಲಿ ಯಾಶಿನ್ ತಮ್ಮ ಕೈಗವಸುಗಳನ್ನು ಡೈನಮೊದ ಕಿರಿಯ ಗೋಲ್‌ಕೀಪರ್ ವ್ಲಾದಿಮಿರ್ ಪಿಲ್ಗುಯ್ ಅವರಿಗೆ ಕೊಟ್ಟು ಮೈದಾನ ಬಿಟ್ಟರು. ಆಮೇಲೆ ಡೈನಮೊದಲ್ಲೂ ಕ್ರೀಡಾ ಆಡಳಿತದಲ್ಲೂ ಹುದ್ದೆಗಳನ್ನು ನಿರ್ವಹಿಸಿದರು. 1980ರ ದಶಕದಲ್ಲಿ ರಕ್ತನಾಳದ ಕಾಯಿಲೆಯಿಂದ ಒಂದು ಕಾಲನ್ನು ತೆಗೆಯಬೇಕಾಯಿತು. 1990ರ ಮಾರ್ಚ್ 20ರಂದು, ಅರವತ್ತನೆಯ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮೊದಲನೆಯವರು: ಅವರು ತೋರಿಸಿದ ದಾರಿ ಇಂದಿನ ಗೋಲ್‌ಕೀಪರ್‌ಗಳಿಗೆ ಅನ್ವಯಿಸುತ್ತದೆಯೆ? ನಿಯಮಗಳೇ ಬದಲಾಗಿವೆ.

ಎರಡನೆಯವರು: ನಿಯಮ ಬದಲಾದದ್ದರಿಂದಲೇ ಹೆಚ್ಚು ಅನ್ವಯಿಸುತ್ತದೆ. 1992ರಲ್ಲಿ ಬಂದ ನಿಯಮದ ಪ್ರಕಾರ, ಜೊತೆಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಅಲ್ಲಿಂದ ಮುಂದೆ ಕಾಲಿನಾಟ ಬಾರದವರಿಗೆ ದೊಡ್ಡ ಕ್ಲಬ್‌ಗಳಲ್ಲಿ ಜಾಗ ಸಿಗುವುದು ಕಷ್ಟವಾಯಿತು. ಡಿಫೆಂಡರ್‌ಗಳ ಸಾಲು ಮುಂದೆ ಸರಿದು, ಹಿಂದಿನ ಖಾಲಿ ಜಾಗ ಗೋಲ್‌ಕೀಪರ್‌ನ ಹೊಣೆಯಾಯಿತು. 2014ರ ವಿಶ್ವಕಪ್‌ನಲ್ಲಿ ಆಲ್ಜೀರಿಯ ವಿರುದ್ಧ ಜರ್ಮನಿಯ ಮ್ಯಾನುಯೆಲ್ ನಾಯರ್ ಆವರಣದಾಚೆ ಓಡಿ ಓಡಿ ಚೆಂಡು ತೆಗೆದದ್ದು ಯಾಶಿನ್ ಐವತ್ತರ ದಶಕದಲ್ಲಿ ಮಾಡುತ್ತಿದ್ದುದರ ಬೆಳೆದ ರೂಪ. ಎಸೆದು ದಾಳಿ ಆರಂಭಿಸುವುದು ಈಗ ಎಲ್ಲ ತರಬೇತಿಯ ಭಾಗ.

ಮೊದಲನೆಯವರು: ಕೆಲಸ ಇಷ್ಟು ಹಿಗ್ಗಿದ ಮೇಲೂ ಮನ್ನಣೆ ಹಿಗ್ಗಿದಂತೆ ಕಾಣುವುದಿಲ್ಲ.

ಎರಡನೆಯವರು: ಬ್ಯಾಲನ್ ಡಿ’ಓರ್ ಪಟ್ಟಿಯಲ್ಲಿ 1973ರಲ್ಲಿ ಝಾಫ್, 2006ರಲ್ಲಿ ಇಟಲಿಯವರೇ ಆದ ಜಾನ್‌ಲೂಯಿಜಿ ಬುಫಾನ್ ಎರಡನೆಯ ಸ್ಥಾನದವರೆಗೆ ಬಂದರು. 2014ರಲ್ಲಿ ನಾಯರ್ ಮೂರನೆಯವರು. ಗೋಲು ಹೊಡೆದದ್ದು ಎಣಿಕೆಗೆ ಸಿಗುತ್ತದೆ, ಆಗದಂತೆ ಮಾಡಿದ್ದು ಸಿಗುವುದಿಲ್ಲ. ಮತ ಹಾಕುವವರು ಎಣಿಕೆಗೆ ಸಿಕ್ಕಿದ್ದರತ್ತ ವಾಲುತ್ತಾರೆ. ಇದಕ್ಕೆ ಪರಿಹಾರವೆಂಬಂತೆ ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ಪ್ರಶಸ್ತಿಗಳು ಬಂದವು. 1994ರಿಂದ 2006ರವರೆಗೆ ವಿಶ್ವಕಪ್‌ನ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಟ್ಟದ್ದು ಲೆವ್ ಯಾಶಿನ್ ಹೆಸರಿನ ಪ್ರಶಸ್ತಿ. 2019ರಲ್ಲಿ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆ ಯಾಶಿನ್ ಟ್ರೋಫಿ ಆರಂಭಿಸಿತು, ಮೊದಲು ಪಡೆದವರು ಬ್ರೆಜಿಲ್‌ನ ಅಲಿಸನ್. ಫಾರ್ವರ್ಡ್‌ಗಳ ಜೊತೆ ಒಂದೇ ಪಟ್ಟಿಯಲ್ಲಿ ನಿಂತು ಬ್ಯಾಲನ್ ಡಿ’ಓರ್ ಗೆದ್ದ ಗೋಲ್‌ಕೀಪರ್ 1963ರ ನಂತರ ಇನ್ನೊಬ್ಬರು ಬಂದಿಲ್ಲ.